ಯಂತ್ರದ ನೆರವೂ ಲೇಖಕನ ಅರಿಕೆಯೂ

ಮುದ್ದಣನೆಂದು ಪ್ರಸಿದ್ಧನಾದ ನಂದಳಿಕೆಯ ಲಕ್ಷ್ಮೀನಾರಣಪ್ಪನು (1870–1901) ತಾನೇ ರಚಿಸಿದ ಕೃತಿಗಳನ್ನು ಹಳೆಯ ಕವಿಯೊಬ್ಬನವೆಂದು ಹೇಳಿ ಮೈಸೂರಿನ ಪತ್ರಿಕೆಗೆ ಕಳುಹಿಸಿದ ಸಂಗತಿಯು ಕನ್ನಡಿಗರಿಗೆ ತಿಳಿದದ್ದೇ. ಅಲ್ಲಿ ಮರೆಯಾದದ್ದು ಕವಿಯ ಹೆಸರು, ನಷ್ಟವೂ ಅವನದೇ. ಈಗಿನ ಮರೆಯು ಇದಕ್ಕೆ ವಿಪರೀತವಾದದ್ದು. 2022ರ ನವೆಂಬರ ತಿಂಗಳಲ್ಲಿ ಚಾಟ್‌ಜಿಪಿಟಿಯೆಂಬ ಸಾಧನವು ಜನರ ಕೈಗೆ ಬಂದಂದಿನಿಂದ, ತಾನು ಹೆಣೆಯದ ವಾಕ್ಯಗಳ ಕೆಳಗೆ ತನ್ನ ಹೆಸರನ್ನಿಡುವುದು ಅತಿ ಸುಲಭವಾಗಿದೆ. ಇಲ್ಲಿ ನಷ್ಟವು ವಾಚಕನದು.

ಈ ಯಂತ್ರವು ಅಪಾರವಾದ ಬರಹಗಳನ್ನು ಅರಗಿಸಿಕೊಂಡು, ಯಾವ ಮಾತಿನ ಬೆನ್ನಿಗೆ ಯಾವ ಮಾತು ಬರುವ ಸಂಭವವುಂಟೆಂದು ಎಣಿಸಿ ವಾಕ್ಯವನ್ನು ಕಟ್ಟುತ್ತದೆ. ಅರ್ಜಿ, ವರದಿಗಳಿಗೆ ಅಷ್ಟು ಸಾಕಾದೀತು. ಸ್ವಾನುಭವದ ಬರಹದ ಮಾತು ಬೇರೆ. ತಂದೆಯ ಕೊನೆಯ ದಿನಗಳನ್ನು ಕುರಿತು ಮಗನು ಬರೆದುದನ್ನು ಓದುವವನು, ಆ ಹಾಸಿಗೆಯ ಬಳಿಯಲ್ಲಿ ಕುಳಿತವನ ಮಾತೇ ಇದೆಂದು ನಂಬಿ ಓದುತ್ತಾನೆ. ಆ ನಂಬಿಕೆಯನ್ನು ಕಳೆದರೆ ಪ್ರಬಂಧದಲ್ಲಿ ಉಳಿಯುವುದು ನಯವಾದ ವ್ಯಾಕರಣವಷ್ಟೆ.

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯವುಂಟು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು 2023ರಲ್ಲಿಯೇ, ಕೃತಕ ಬುದ್ಧಿಯ ನೆರವನ್ನು ಪಡೆದವರು ಅದನ್ನು ಹೇಗೆ ಬಳಸಿದರೆಂಬುದನ್ನು ತಿಳಿಸಬೇಕೆಂದೂ, ಯಂತ್ರವನ್ನು ಲೇಖಕರ ಸಾಲಿನಲ್ಲಿ ಸೇರಿಸಕೂಡದೆಂದೂ ವಿಧಿಸಿತು. ಬರೆದುದಕ್ಕೆ ಹೊಣೆ ಹೊರುವ ಶಕ್ತಿ ಯಂತ್ರಕ್ಕಿಲ್ಲವಷ್ಟೆ. ಅಂಥ ಪತ್ರಿಕೆಗೆ ಪ್ರೌಢ ಲೇಖನವನ್ನು ಕಳುಹಿಸುವ ವೈದ್ಯನು ಈ ನಿಯಮಕ್ಕೆ ಬದ್ಧನು. ಅದೇ ವೈದ್ಯನು ಬಾಲ್ಯದ ನೆನಪುಗಳನ್ನು ಬರೆದರೆ ಕೇಳುವವರಿಲ್ಲ. ರಕ್ತದೊತ್ತಡದ ಲೆಕ್ಕಕ್ಕೆ ಇರುವ ಕಟ್ಟುಪಾಡು ಮನಸ್ಸಿನ ಲೆಕ್ಕಕ್ಕೆ ಇಲ್ಲದಿರುವುದು ವಿಚಿತ್ರವೇ ಸರಿ!

ಆ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಫ. ಗು. ಹಳಕಟ್ಟಿಯವರು ವಚನಗಳ ಪ್ರಕಟಣೆಗೆ ತಮ್ಮ ಬಾಳನ್ನೇ ತೆತ್ತರು. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನಾರಂಭಿಸಿದ ಅವರು ಸಂಪಾದಕರೆಂದೇ ನಿಂತರು. ವಚನವು ಶರಣರದು, ಶ್ರಮವು ತಮ್ಮದು. ವಚನದ ಅಂಕಿತವಾದರೂ ಮಾತು ಯಾರದೆಂಬುದರ ಗುರುತೇ ಅಲ್ಲವೇ? ಇನ್ನು ಬಿ. ಎಂ. ಶ್ರೀಕಂಠಯ್ಯನವರು 1926ರ ಸಂಗ್ರಹಕ್ಕೆ ‘ಇಂಗ್ಲಿಷ್ ಗೀತಗಳು’ ಎಂದೇ ಹೆಸರಿಟ್ಟರು. ಋಣವು ಮುಖಪುಟದ ಮೇಲೆಯೇ ಇದ್ದಿತು. ಅದರಿಂದ ಅವರ ಮನ್ನಣೆಗೆ ಕೊರತೆ ಬರಲಿಲ್ಲ.

ನಿಘಂಟನ್ನು ನೋಡಿದವನೂ ಕರಡು ತಿದ್ದಿಸಿಕೊಂಡವನೂ ಅರಿಕೆ ಮಾಡುವುದಿಲ್ಲವಲ್ಲ ಎಂಬ ಆಕ್ಷೇಪವುಂಟು. ಕಾಗುಣಿತದ ಮಟ್ಟಿಗೆ ಅದು ಸರಿಯೇ. ಆದರೆ ಯಂತ್ರವು ಅಲ್ಲಿಗೇ ನಿಲ್ಲುವುದಿಲ್ಲ. ತಿಕೋಟೆಯ ತಾಯಿಯೊಬ್ಬಳು “ಮಳಿ ಬರಾಕತ್ತೈತಿ” ಎಂದದ್ದನ್ನು ಅದು “ಮಳೆ ಬರುತ್ತಿದೆ” ಎಂದು ತಿದ್ದೀತು. ಬಳಿಕ, ಕೇಳದಿದ್ದರೂ, ಮಣ್ಣಿನ ವಾಸನೆಯನ್ನೂ ಕಣ್ಣಂಚಿನ ಹನಿಯನ್ನೂ ಸೇರಿಸೀತು. ಬಬಲೇಶ್ವರದ ಬರಹಕ್ಕೂ ಬೆಂಗಳೂರಿನ ಬರಹಕ್ಕೂ ಒಂದೇ ಮುಖ. ತನ್ನ ಊರಿನ ನುಡಿಯು ಗ್ರಂಥಕ್ಕೆ ಸಲ್ಲದೆಂದು ಅಂಜುವ ತರುಣನೇ ಇದಕ್ಕೆ ಬೇಗ ಮಾರುಹೋಗುವನು. ಅವನನ್ನು ಕಳ್ಳನೆನ್ನುವುದು ಅನ್ಯಾಯ. ಆ ಅಂಜಿಕೆಯನ್ನು ಬಿತ್ತಿದವರಲ್ಲಿ ಶಿಷ್ಟ ಕನ್ನಡದ ವಿಮರ್ಶಕರೂ ಉಂಟು.

“ಕೃತಕ ಬುದ್ಧಿಯ ನೆರವಿನಿಂದ” ಎಂಬ ಒಂದು ಸಾಲನ್ನು ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿಸುವುದೂ ಅರೆಮನಸ್ಸಿನ ಪ್ರಾಮಾಣಿಕತೆ. ನೆರವು ಯಾವುದಕ್ಕೆ? ಮರಾಠಿಯ ಪತ್ರವನ್ನು ಅನುವಾದಿಸಲಿಕ್ಕೋ, ನೆನಪಿನ ಘಟನೆಯನ್ನೇ ಕಲ್ಪಿಸಲಿಕ್ಕೋ? 2024ರ ಜನವರಿಯಲ್ಲಿ ಜಪಾನಿನ ಅಕುತಾಗವಾ ಪ್ರಶಸ್ತಿಯನ್ನು ಪಡೆದ ರಿಯೆ ಕುದಾನ್ ಅವರು, ತಮ್ಮ ಕಾದಂಬರಿಯಲ್ಲಿ ನೂರಕ್ಕೆ 5ರಷ್ಟು ಭಾಗವು ಯಂತ್ರದ ಮಾತೇ ಎಂದು ಬಹಿರಂಗವಾಗಿ ಹೇಳಿದರು. ಗದ್ದಲವೆದ್ದಿತು, ಆ ಕಾದಂಬರಿಯಲ್ಲಿ ಯಂತ್ರವೇ ಮಾತನಾಡುವ ಸಂದರ್ಭಗಳಿದ್ದುವೆಂಬುದನ್ನು ಗದ್ದಲದವರಲ್ಲಿ ಅನೇಕರು ಗಮನಿಸಲಿಲ್ಲ. ಹೇಳಿದವರಿಗೆ ನಿಂದೆ, ಹೇಳದವರಿಗೆ ನೆಮ್ಮದಿ ಎಂದಾದರೆ ಯಾರು ತಾನೆ ಬಾಯಿ ಬಿಟ್ಟಾರು? ಆದಕಾರಣ ಪತ್ರಿಕೆಗಳವರು ಅರಿಕೆಯುಳ್ಳ ಲೇಖನವನ್ನು ಓದದೆಯೇ ಹಿಂದಕ್ಕೆ ಕಳುಹಿಸುವ ಪದ್ಧತಿಯನ್ನು ಬಿಟ್ಟು, ಶಿರೋನಾಮದ ಕೆಳಗೆ ಅದಕ್ಕೆ ಎರಡು ಸಾಲುಗಳ ಸ್ಥಳವನ್ನು ಕೊಡತಕ್ಕದ್ದು.