ಭಿಕ್ಷು ಯಾರ ಪೈಕಿ?

ನಾನು ಓದಿದ ಗೂಢಚಾರರಲ್ಲಿ ಮೊದಲ ಮಣೆ ಬಾದಾಮಿಯವನಿಗೆ. ಅವನನ್ನು ಸೃಷ್ಟಿಸಿದವರು ಮಾತ್ರ ನಮ್ಮವರಲ್ಲ, ತಮಿಳರು. ಅದೂ ಬಾದಾಮಿಯನ್ನು ಸುಡುವ ಕಥೆಯಲ್ಲಿ!

ಹೋದ ವಾರ ಜೇಸನ್ ಬೋರ್ನ್ ಬಗ್ಗೆ ಬರೆದಿದ್ದೆ. ರಾಬರ್ಟ್ ಲಡ್ಲಮ್ 1980ರಲ್ಲಿ ಸಮುದ್ರದಿಂದ ಮೇಲೆತ್ತಿದ ಆ ಮನುಷ್ಯನ ಮೈತುಂಬ ಗುಂಡಿನ ಗಾಯ, ತಲೆಯೊಳಗೆ ಖಾಲಿ, ಚರ್ಮದಡಿ ಹುದುಗಿಸಿಟ್ಟ ಸ್ವಿಸ್ ಬ್ಯಾಂಕಿನ ಖಾತೆ ಸಂಖ್ಯೆ. ತಾನು ಕೊಲೆಗಾರನೋ ಕೊಲೆಗಾರನನ್ನು ಹಿಡಿಯಲು ಹೊರಟವನೋ ಎಂದು ತಿಳಿಯದೆ ಯುರೋಪೆಲ್ಲ ಅಲೆಯುತ್ತಾನೆ. ಅಂಕಣ ಓದಿದ ಇಳಕಲ್ಲಿನ ನೇಕಾರ ಗೆಳೆಯರು ಫೋನ್ ಮಾಡಿದರು. ‘ಅಲ್ರೀ ಸರ, ತನ್ನ ಹೆಸರ ಮರತಾಂವನ್ನ ಹುಡುಕ್ಕೋಂತ ಅಷ್ಟ ದೂರ ಯಾಕ ಹೋದ್ರಿ? ನಮ್ಮ ಬಾದಾಮ್ಯಾಗ ಒಬ್ಬನೂ ಸಿಗಲಿಲ್ಲೇನು?’

ಸಿಗುತ್ತಾನೆ. ಹೆಸರು ನಾಗನಂದಿ.

ಕಲ್ಕಿ ಕೃಷ್ಣಮೂರ್ತಿ 1944ರಲ್ಲಿ ತಮ್ಮದೇ ‘ಕಲ್ಕಿ’ ವಾರಪತ್ರಿಕೆಯಲ್ಲಿ ‘ಶಿವಗಾಮಿಯಿನ್ ಶಪಥಂ’ ಎಂಬ ಧಾರಾವಾಹಿ ಶುರು ಮಾಡಿದರು. ಕಂಚಿಯ ಪಲ್ಲವರಿಗೂ ಬಾದಾಮಿಯ ಚಾಲುಕ್ಯರಿಗೂ ನಡೆದ ಹಗೆತನವೇ ಅದರ ವಸ್ತು. ಇಮ್ಮಡಿ ಪುಲಕೇಶಿಯ ಹೆಸರು ಹೇಳಿ ಎದೆಯುಬ್ಬಿಸುವ ನಮಗೆ ಅದನ್ನು ಓದುವುದು ಸುಲಭವಲ್ಲ. ಅಲ್ಲಿ ನಮ್ಮ ಪುಲಕೇಶಿ ಕಲೆಯ ಗಂಧವಿಲ್ಲದ, ಕೋಪ ಬಂದರೆ ಕೈಕಾಲು ಕಡಿಸುವ ಒರಟ. ಹಲವರು ಇಲ್ಲಿಗೇ ಪುಸ್ತಕ ಮುಚ್ಚಿಡುತ್ತಾರೆ. ಮುಚ್ಚಿಟ್ಟವರಿಗೆ ನಾಗನಂದಿ ತಪ್ಪಿಹೋಗುತ್ತಾನೆ. ಪಲ್ಲವರ ಪಕ್ಷ ವಹಿಸಿ ಬರೆದ ಕಲ್ಕಿಯವರು ಇಡೀ ಕಾದಂಬರಿಯ ಅತ್ಯುತ್ತಮ ಪಾತ್ರವನ್ನು ಚಾಲುಕ್ಯರ ಮನೆಗೆ ಕೊಟ್ಟುಬಿಟ್ಟಿದ್ದಾರೆ. ನಾಲ್ಕು ಭಾಗಗಳಲ್ಲಿ ಮೂರನೆಯದಕ್ಕೆ ‘ಭಿಕ್ಷುವಿನ ಪ್ರೇಮ’ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ನಾಯಕ ನರಸಿಂಹವರ್ಮನಿಗೂ ಸಿಗದ ಮರ್ಯಾದೆ ಇದು.

(ಮುಂದೆ ಕಥೆಯ ಗುಟ್ಟುಗಳು ಬರುತ್ತವೆ. ಓದದವರು ಈ ವಾರ ಪುಟ ತಿರುವಿದರೆ ನನಗೇನೂ ಬೇಸರವಿಲ್ಲ.)

ನಾಗನಂದಿ ಬೌದ್ಧ ಭಿಕ್ಷು. ದಾರಿಬದಿ ಮಲಗಿದ್ದ ಪರಂಜ್ಯೋತಿ ಎಂಬ ಹಳ್ಳಿ ಹುಡುಗನನ್ನು ಹಾವಿನಿಂದ ಉಳಿಸುತ್ತಲೇ ಕಥೆಯೊಳಗೆ ಕಾಲಿಡುತ್ತಾನೆ. ಆ ಹುಡುಗನೇ ಮುಂದೆ ಪಲ್ಲವ ಸೇನಾಪತಿಯಾಗಿ ಬಾದಾಮಿಗೆ ಬೆಂಕಿ ಇಡುವವನು. ಗೂಢಚಾರನ ಮೊದಲ ಪುಣ್ಯಕಾರ್ಯವೇ ಅವನ ಊರನ್ನು ಸುಟ್ಟಿತು ಎಂಬುದನ್ನು ಕಲ್ಕಿ ಎಲ್ಲೂ ಒತ್ತಿ ಹೇಳುವುದಿಲ್ಲ. ಎರಡನೆಯ ಸಲ ಓದುವಾಗ ನಮಗೇ ಹೊಳೆಯಬೇಕು.

ಕಂಚಿಯ ಹೊರಗೆ ಆಯನರ್ ಎಂಬ ಶಿಲ್ಪಿ ಇದ್ದಾನೆ, ಅವನ ಮಗಳು ಶಿವಗಾಮಿ. ಅಜಂತೆಯ ಬಣ್ಣ ಶತಮಾನ ಕಳೆದರೂ ಮಾಸದಿರುವ ಗುಟ್ಟೇನು ಎಂಬುದು ಆ ಶಿಲ್ಪಿಯ ಹುಚ್ಚು. ಭಿಕ್ಷು ಆ ಹುಚ್ಚನ್ನೇ ಗಾಳವಾಗಿಸುತ್ತಾನೆ. ಬಣ್ಣದ ಗುಟ್ಟು ತರುವ ನೆಪದಲ್ಲಿ ಪರಂಜ್ಯೋತಿಯ ಕೈಗೆ ಓಲೆ ಕೊಟ್ಟು ಉತ್ತರಕ್ಕೆ ಕಳಿಸುತ್ತಾನೆ. ಓಲೆ ಹೋಗಬೇಕಾದದ್ದು ಪುಲಕೇಶಿಗೆ. ದಾರಿಯಲ್ಲಿ ವಜ್ರಬಾಹು ಎಂಬ ಸಿಪಾಯಿ ಜೊತೆಯಾಗಿ ರಾತ್ರಿ ಓಲೆಯನ್ನೇ ಬದಲಿಸಿಬಿಡುತ್ತಾನೆ. ಆ ವಜ್ರಬಾಹು ವೇಷ ಮರೆಸಿಕೊಂಡ ಪಲ್ಲವ ರಾಜ ಮಹೇಂದ್ರವರ್ಮ! ರಾಜನೇ ಬೇಹುಗಾರ, ಸನ್ಯಾಸಿಯೂ ಬೇಹುಗಾರ, ನಡುವೆ ಏನೂ ಅರಿಯದ ಹುಡುಗ. ಈ ಮೂವರ ಪ್ರಯಾಣದ ಭಾಗಕ್ಕೆ ಸಾಟಿಯಾದ ಗೂಢಚಾರ ಕಥೆ ಹೊರದೇಶದವರು ಬರೆದದ್ದರಲ್ಲೂ ನನಗೆ ಹೆಚ್ಚು ಸಿಕ್ಕಿಲ್ಲ.

ನಾಗನಂದಿಯ ಮುಖ ಪುಲಕೇಶಿಯ ಮುಖ. ಇಬ್ಬರೂ ಅವಳಿಗಳು. ಒಬ್ಬನಿಗೆ ಸಿಂಹಾಸನ, ಇನ್ನೊಬ್ಬನಿಗೆ ಕಾವಿ. ಬೇಕಾದಾಗ ಭಿಕ್ಷು ಚಕ್ರವರ್ತಿಯ ಉಡುಪು ತೊಟ್ಟು ನಿಂತರೆ ಚಾಲುಕ್ಯ ಸೈನಿಕರೇ ತಲೆಬಾಗುತ್ತಾರೆ. ಶಿವಗಾಮಿಯನ್ನು ಸೈನಿಕರ ಕೈಯಿಂದ ಉಳಿಸಲು ಆ ವೇಷ ಬಳಕೆಯಾಗುತ್ತದೆ. ಅವಳನ್ನು ಬಾದಾಮಿಗೆ ಸೆರೆಯಾಗಿ ಒಯ್ಯುವ ಪಾಪದಲ್ಲೂ ಅವನದೇ ಪಾಲು. ರಾಜ್ಯಕ್ಕಾಗಿ ಕಂಚಿಗೆ ಬಂದವನು ಅವಳ ನೃತ್ಯ ಕಂಡ ಮೇಲೆ ಯಾರ ಕೆಲಸ ಮಾಡುತ್ತಿದ್ದಾನೆ ಎಂಬುದು ಅವನಿಗೇ ತಿಳಿಯದು. ಬುದ್ಧನಿಗೆ ಕೊಟ್ಟ ಮಾತು ಮುರಿದಿದೆ, ಒಡಹುಟ್ಟಿದವನಿಗೆ ಕೊಟ್ಟದ್ದೂ ಮುರಿಯುತ್ತ ಬಂದಿದೆ. ಶಿವಗಾಮಿಗಂತೂ ಅವನು ಬೇಕಾಗಿಯೇ ಇಲ್ಲ.

ಬೋರ್ನನಿಗಿಂತ ಇವನು ಒಂದು ಕೈ ಮೇಲು ಎಂದು ನನಗನ್ನಿಸುವುದು ಇಲ್ಲಿಯೇ. ಬೋರ್ನನದು ಮರೆವು. ನೆನಪು ಬಂದ ದಿನ ಅವನಿಗೆ ಡೇವಿಡ್ ವೆಬ್ ಎಂಬ ತನ್ನ ಹೆಸರು ಮರಳಿ ಸಿಗುತ್ತದೆ. ನಾಗನಂದಿ ಏನನ್ನೂ ಮರೆತಿಲ್ಲ. ಎಲ್ಲ ನೆನಪಿದ್ದೂ ಮರಳಿ ಹೋಗಲು ಅವನಿಗೆ ಜಾಗವಿಲ್ಲ, ಏಕೆಂದರೆ ಆ ಜಾಗದಲ್ಲಿ ಅವನದೇ ಮುಖ ಹೊತ್ತ ಇನ್ನೊಬ್ಬ ಕುಳಿತಿದ್ದಾನೆ. ನಮ್ಮ ಕಡೆ ಹೊಸಬ ಬಂದರೆ ‘ಯಾರ ಪೈಕಿ?’ ಎನ್ನುತ್ತೇವೆ, ಹೆಸರು ಆಮೇಲೆ. ನಾಗನಂದಿಯ ಹತ್ತಿರ ಹೆಸರಿದೆ, ಆ ಪ್ರಶ್ನೆಗೆ ಉತ್ತರವಿಲ್ಲ.

ಇಂಥ ಮನುಷ್ಯನನ್ನು ಕೌಟಿಲ್ಯ ಮೊದಲೇ ಬಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕು, 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದಲ್ಲಿ ಬೇಹುಗಾರರ ಪಟ್ಟಿಯೇ ಇದೆ. ಅದರಲ್ಲಿ ‘ಉದಾಸ್ಥಿತ’ ಎಂಬವನು ಸನ್ಯಾಸದಿಂದ ಜಾರಿದ, ಆದರೆ ಬುದ್ಧಿ ಇರುವ ಮನುಷ್ಯ. ಅವನಿಗೆ ಹಣ ಕೊಡಿ, ಶಿಷ್ಯರನ್ನು ಕೊಡಿ, ಅವನ ಮಠವೇ ನಿಮ್ಮ ಕಣ್ಣಾಗಲಿ ಎನ್ನುತ್ತದೆ ಗ್ರಂಥ. ಎರಡೂ ಕಡೆ ಸಂಬಳ ಉಣ್ಣುವ ‘ಉಭಯವೇತನ’ನ ಹೆಂಡತಿ ಮಕ್ಕಳನ್ನು ರಾಜ ತನ್ನ ವಶದಲ್ಲಿ ಇಟ್ಟುಕೊಳ್ಳಬೇಕು. ಬೇಹುಗಾರರಿಗೆ ಪರಸ್ಪರ ಪರಿಚಯವೇ ಇರಕೂಡದು. ಮೂವರು ತಂದ ಸುದ್ದಿ ಒಂದೇ ಆದರೆ ಮಾತ್ರ ನಂಬಬೇಕು. ಇಂದಿನ ಬೇಹುಗಾರಿಕೆಯ ಕಾದಂಬರಿಕಾರರು ಬಳಸುವ ಸಾಮಾನೆಲ್ಲ ಇಲ್ಲಿದೆ. ಇಲ್ಲದ್ದು ಒಂದೇ: ಆ ಜಾರಿದ ಸನ್ಯಾಸಿಗೆ ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೌಟಿಲ್ಯ ಕೇಳುವುದಿಲ್ಲ.

ವಿಶಾಖದತ್ತನೂ ಕೇಳಲಿಲ್ಲ. ಅವನ ‘ಮುದ್ರಾರಾಕ್ಷಸ’ದಲ್ಲಿ ಜೈನ ಕ್ಷಪಣಕನ ವೇಷದ ಜೀವಸಿದ್ಧಿ ಅಮಾತ್ಯ ರಾಕ್ಷಸನ ಜೀವದ ಗೆಳೆಯನಾಗಿ ಉಳಿದು, ಕೊನೆಯವರೆಗೂ ಚಾಣಕ್ಯನ ಕೆಲಸ ಮಾಡುತ್ತಾನೆ. ಕೆಂಪುನಾರಾಯಣ 1823ರಲ್ಲಿ ಅದೇ ಕಥೆಯನ್ನು ‘ಮುದ್ರಾಮಂಜೂಷ’ವಾಗಿ ಕನ್ನಡ ಗದ್ಯಕ್ಕೆ ತಂದ. ನಮ್ಮ ಗದ್ಯ ಕಣ್ಣುಬಿಡುವ ಹೊತ್ತಿಗೇ ಗೂಢಚಾರರು ಒಳಗೆ ಬಂದಿದ್ದರು ಎಂಬುದು ನನ್ನಂಥ ಓದುಗನಿಗೆ ಹೆಮ್ಮೆಯ ಸಂಗತಿ. ಆದರೆ ಗೆಳೆಯನಿಗೆ ಮೋಸ ಮಾಡಿದ ಜೀವಸಿದ್ಧಿಯ ಹೊಟ್ಟೆಯಲ್ಲಿ ಏನಾಯಿತು ಎಂಬುದಕ್ಕೆ ಆ ಮಂಜೂಷದಲ್ಲಿ ಖಾನೆ ಇಲ್ಲ.

ಈಗ ಇಳಕಲ್ಲಿನ ಗೆಳೆಯರ ಎರಡನೆಯ ಪ್ರಶ್ನೆ: ‘ಅವಳಿ ಅಣ್ಣತಮ್ಮಂದ್ರ ಖರೇನ ಇದ್ರೇನ್ರಿ?’

ಇರಲಿಲ್ಲ. ಪುಲಕೇಶಿಗೆ ವೆಂಗಿಯನ್ನಾಳಿದ ಕುಬ್ಜ ವಿಷ್ಣುವರ್ಧನನಂಥ ತಮ್ಮನಿದ್ದ, ಅವಳಿ ಇರಲಿಲ್ಲ. ಆದರೆ ಕಲ್ಕಿಯವರ ಕಲ್ಪನೆಗೆ ತಳವಿಲ್ಲ ಎನ್ನುವಂತಿಲ್ಲ. ಬಾದಾಮಿಯ ಮೂರನೆಯ ಗುಹೆಗೆ ಹೋಗಿ. ಶಕ 500ರ, ಎಂದರೆ 578ರ ಶಾಸನ ಅಲ್ಲಿದೆ. ಗುಹೆಯನ್ನು ಮಾಡಿಸಿದ ಮಂಗಳೇಶ ಅದರ ಪುಣ್ಯವನ್ನೆಲ್ಲ ಅಣ್ಣ ಕೀರ್ತಿವರ್ಮನಿಗೆ ಧಾರೆಯೆರೆದಿದ್ದಾನೆ. ಇಂಥ ತಮ್ಮ ಎಲ್ಲರಿಗೂ ಸಿಗಲಿ ಅನ್ನಿಸುತ್ತದೆ. ಆಮೇಲೆ ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋಗಿ ಮೇಗುಟಿ ಹತ್ತಿ. 634ರಲ್ಲಿ ರವಿಕೀರ್ತಿ ಬರೆದ ಶಾಸನದಲ್ಲಿ ಇದೇ ಮಂಗಳೇಶ ಅಣ್ಣನ ಮಗ ಪುಲಕೇಶಿಯನ್ನು ಬದಿಗೊತ್ತಿ ತನ್ನ ಮಗನಿಗೆ ರಾಜ್ಯ ಕೊಡಿಸಲು ಹೊರಟು, ರಾಜ್ಯದ ಜೊತೆಗೆ ಪ್ರಾಣವನ್ನೂ ಕಳೆದುಕೊಂಡ ಚಿಕ್ಕಪ್ಪ. ಎರಡು ಕಲ್ಲು, ಒಬ್ಬನೇ ಮನುಷ್ಯ, ಎರಡು ಮುಖ. ಮೊದಲನೆಯದನ್ನು ಕೊರೆಸಿದವನು ಅವನೇ. ಎರಡನೆಯದು ಅವನನ್ನು ಮುಗಿಸಿದವನ ಆಸ್ಥಾನದ ಕವಿಯದು. ಅರಮನೆ ಬಿಟ್ಟು ಅಲೆದ ದಿನಗಳಲ್ಲಿ ಎಳೆಯ ಪುಲಕೇಶಿಗೆ ಆಸರೆ ಕೊಟ್ಟವರು ಯಾರು, ಸುದ್ದಿ ಮುಟ್ಟಿಸಿದವರು ಯಾರು? ರವಿಕೀರ್ತಿ ಅದನ್ನು ಹೇಳದೆ ಮುಂದೆ ಸಾಗುತ್ತಾನೆ. ಒಬ್ಬ ಅವಳಿ ಸಹೋದರನನ್ನು ನಿಲ್ಲಿಸಲು ಅಷ್ಟು ತೆರಪು ಸಾಕು. ಇಳಕಲ್ಲ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಬೆಸೆದಂತೆ ಕಲ್ಕಿ ಇತಿಹಾಸಕ್ಕೆ ಕಟ್ಟುಕಥೆ ಬೆಸೆದಿದ್ದಾರೆ ಎಂದೆ. ‘ಕೊಂಡಿ ಚೊಲೊ ಬಿದ್ದತಿ’ ಎಂದು ಗೆಳೆಯರೂ ಒಪ್ಪಿದರು.

ಮೇಗುಟಿ ಹತ್ತುವಾಗ ಅರ್ಧ ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಚೈತ್ಯವೊಂದು ಸಿಗುತ್ತದೆ. ಅರ್ಧ ಬಂಡೆಯಲ್ಲಿ ಕೊರೆದದ್ದು, ಅರ್ಧ ಕಟ್ಟಿದ್ದು. ಹೆಚ್ಚಿನವರು ಶಾಸನದ ಆತುರದಲ್ಲಿ ದಾಟಿಹೋಗುತ್ತಾರೆ. ಜೈನ ಬಸದಿ, ಶಿವನ ಗುಡಿ, ಬುದ್ಧನ ಚೈತ್ಯ ಒಂದೇ ಗುಡ್ಡದ ಸುತ್ತ ಇದ್ದ ಊರಿನಲ್ಲಿ ಕಾವಿ ತೊಟ್ಟವನನ್ನು ತಡೆದು ನಿಲ್ಲಿಸಿ ವಿಚಾರಿಸುವವರು ಯಾರು? ಬೇಹುಗಾರನಿಗೆ ಇದಕ್ಕಿಂತ ಒಳ್ಳೆಯ ನೆಲ ಇಲ್ಲ. ಬಾದಾಮಿಯ ಉತ್ತರ ಕೋಟೆಯದೂ ಅದೇ ಗುಣ. ಮ್ಯೂಸಿಯಂ ಹಿಂದಿನಿಂದ ಹತ್ತತೊಡಗಿದರೆ ಕೆಂಪು ಬಂಡೆ ಸೀಳಿ ಮಾಡಿದ ಓಣಿ. ಎರಡೂ ಬದಿ ಗೋಡೆ, ಮೇಲೆ ಆಕಾಶದ ಒಂದು ಪಟ್ಟಿ. ತಿರುವಿನಾಚೆ ಯಾರಿದ್ದಾರೆ ಎಂದು ಕಾಣುವುದಿಲ್ಲ, ಹೆಜ್ಜೆ ಸಪ್ಪಳ ಮಾತ್ರ ಕೇಳುತ್ತದೆ. ಈ ಓಣಿಗಳಲ್ಲಿ ಸಿನಿಮಾದವರು ಹಾಡು ತೆಗೆಯುತ್ತಾರೆ, ಒಂದು ಒಳ್ಳೆಯ ಬೆನ್ನಟ್ಟುವಿಕೆ ತೆಗೆಯಬಾರದೇ?

642ರಲ್ಲಿ ನರಸಿಂಹವರ್ಮ ಈ ಕೋಟೆಯನ್ನು ಗೆದ್ದ. ಬಾದಾಮಿಯ ಬಂಡೆಯ ಮೇಲೆ ಪಲ್ಲವರ ಅಕ್ಷರ ಇಂದಿಗೂ ಇದೆ. ಮೊದಲನೆಯ ವಿಕ್ರಮಾದಿತ್ಯ ರಾಜ್ಯವನ್ನು ಮರಳಿ ಕಟ್ಟುವವರೆಗೆ, ಹನ್ನೆರಡು ಹದಿಮೂರು ವರ್ಷ, ಬಾದಾಮಿ ಚಾಲುಕ್ಯರ ಕೈಯಲ್ಲಿ ಇರಲಿಲ್ಲ. ಪುಲಕೇಶಿಯ ಕೊನೆಯ ಗಳಿಗೆಯ ಬಗ್ಗೆ ಅವನ ವಂಶದವರ ಶಾಸನಗಳು ಬಾಯಿ ಬಿಡುವುದಿಲ್ಲ. ಕಾದಂಬರಿಕಾರನಿಗೆ ಇಂಥ ಮೌನ ಸಿಕ್ಕರೆ ಹಬ್ಬ, ಅದರಲ್ಲೂ ಅವನ ಹತ್ತಿರ ರಾಜನ ಮುಖದ ಇನ್ನೊಬ್ಬ ಮನುಷ್ಯನಿದ್ದರೆ.

ಕನ್ನಡದಲ್ಲಿ ಗೂಢಚಾರರ ಬರ ಇತ್ತು ಎಂದಲ್ಲ. ಪತ್ತೇದಾರ ಪುರುಷೋತ್ತಮನನ್ನು ಕೊಟ್ಟ ಎನ್. ನರಸಿಂಹಯ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಈಗ ಆಲಮಟ್ಟಿಯ ಹಿನ್ನೀರಿನಡಿ ಇರುವ ಹಳೆ ಬಾಗಲಕೋಟೆಯ ಓಣಿಗಳಲ್ಲಿ ಅವು ಪುಟ ಹರಿದುಹೋಗುವಷ್ಟು ಕೈ ಬದಲಿಸಿದವು. 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ದೊರೈ-ಭಗವಾನ್ ಜೋಡಿ ರಾಜಕುಮಾರರನ್ನು ಸಿಐಡಿ 999 ಮಾಡಿ ಓಡಿಸಿತು. ಅವನ್ನು ನಾನು ಇಂದೂ ಖುಷಿಯಿಂದ ನೋಡುತ್ತೇನೆ. ಆದರೆ ಆ ಸಿಐಡಿ ಪ್ರಕಾಶನಿಗೆ ತಾನು ಯಾರೆಂಬ ಅನುಮಾನ ಒಂದು ಕ್ಷಣವೂ ಬರದು. ರಾಜಕುಮಾರರಿಗೆ ಅಂಥ ಅನುಮಾನ ಬಂದರೆ ಥಿಯೇಟರಿನಲ್ಲಿ ಜನ ಒಪ್ಪುತ್ತಿದ್ದರೇ?

ಅದೇ ಜನ ನಾಟಕದ ಡೇರೆಯಲ್ಲಿ ಒಪ್ಪಿದ್ದರು. ಇಳಕಲ್ಲಿನ ಮಗ್ಗುಲಿನ ಕಂದಗಲ್ಲಿನವರಾದ ಹನುಮಂತರಾಯರ ‘ರಕ್ತರಾತ್ರಿ’ ನೋಡಿದ ಹಿರಿಯರು ಇಂದಿಗೂ ಮಾತಾಡುವುದು ಅದರ ಶಕುನಿಯ ಬಗ್ಗೆ. ನಮ್ಮ ಕಡೆ ಜನ ಹೇಳುವ ಶಕುನಿ ಮೂಲ ಮಹಾಭಾರತದವನಲ್ಲ. ಕೌರವರ ಸೆರೆಯಲ್ಲಿ ತಂದೆ, ಅಣ್ಣತಮ್ಮಂದಿರು ಹಸಿದು ಸತ್ತ ಮೇಲೆ ತಂದೆಯ ಎಲುಬಿನಿಂದ ಪಗಡೆ ದಾಳ ಮಾಡಿಕೊಂಡು, ದುರ್ಯೋಧನನ ಪ್ರೀತಿಯ ಮಾವನಾಗಿ ಕೂತು, ಒಳಗಿನಿಂದಲೇ ಆ ಮನೆತನ ಮುಗಿಸುವವನು. ವೈರಿಯ ಮನೆಯಲ್ಲಿ ಉಂಡು ಬೆಳೆದ ಗೂಢಚಾರ. ಅಳಿಯ ಸಾಯುವ ಹೊತ್ತಿಗೆ ಅವನು ಗೆದ್ದನೋ ಸೋತನೋ ಎಂದು ಬೆಳತನಕ ಕಣ್ಣೊರೆಸಿಕೊಂಡ ಪ್ರೇಕ್ಷಕರಿಗೆ ನಾಗನಂದಿಯನ್ನು ಅರ್ಥ ಮಾಡಿಸಬೇಕಾದ್ದೇ ಇಲ್ಲ. ವೇದಿಕೆಯ ಮೇಲೆ ಇದ್ದ ಆ ಧೈರ್ಯ ನಮ್ಮ ಪತ್ತೇದಾರಿ ಪುಸ್ತಕಗಳಿಗೆ ಯಾಕೆ ಇಳಿದು ಬರಲಿಲ್ಲ ಎಂಬುದು ನನ್ನ ಹಳೆಯ ತಕರಾರು.

ನಾಗನಂದಿಯ ಕಥೆಯನ್ನು ಈ ಕಡೆಯಿಂದ, ಮಲಪ್ರಭೆಯ ದಂಡೆಯಿಂದ, ಯಾರಾದರೂ ಬರೆಯಲಿ. ಕಂಚಿಗೆ ಹೋದ ಬೇಹುಗಾರನಾಗಿ ಬೇಡ, ಬಾದಾಮಿಗೆ ಹಿಂದಿರುಗಿ ತನ್ನದೇ ಮುಖದವನ ಎದುರು ನಿಂತವನಾಗಿ. ಬರೆಯಲು ಹೊರಟವರಿಗೆ ಇನ್ನೊಬ್ಬನನ್ನೂ ತೋರಿಸುತ್ತೇನೆ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟ. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರ ಪಾಲಿಗೆ ಮೃತ್ಯು ಎಂದು ಶಾಸನ ಅವನ ಗುಣವನ್ನೆಲ್ಲ ಹೇಳುತ್ತದೆ. ತಂದೆ ಯಾರು, ಹುದ್ದೆ ಏನು, ಯಾರ ಕಡೆಯವನು ಎಂಬುದರ ಬಗ್ಗೆ ಚಕಾರವಿಲ್ಲ. ಗೂಢಚಾರನಿಗೆ ಇದಕ್ಕಿಂತ ಚೊಕ್ಕ ಪರಿಚಯಪತ್ರ ಬೇಕೇ? ಒಂದು ಎಚ್ಚರಿಕೆ ಮಾತ್ರ: ಅವನ ಶಾಸನ ಸುಮಾರು 700ರದು, ಪುಲಕೇಶಿಗಿಂತ ಅರ್ಧ ಶತಮಾನ ಈಚಿನದು. ಇಬ್ಬರನ್ನೂ ಒಂದೇ ಅಧ್ಯಾಯದಲ್ಲಿ ಕೂರಿಸಿದರೆ ಇಳಕಲ್ಲಿನಿಂದ ನಿಮಗೂ ಫೋನ್ ಬರುತ್ತದೆ.