50.2 ಹರ್ಟ್ಸ್: ಒಂದೇ ಗೆರೆಯ ಅಪಾಯ

ಗ್ರಿಡ್‌ನಲ್ಲಿ ಬಳಕೆಗಿಂತ ಉತ್ಪಾದನೆ ಹೆಚ್ಚಾದರೆ ಫ್ರೀಕ್ವೆನ್ಸಿ 50 ಹರ್ಟ್ಸ್ ದಾಟಿ ಏರುತ್ತದೆ. ಜನರೇಟರುಗಳ ವೇಗ ಮಿತಿಮೀರಿದರೆ ಟರ್ಬೈನಿನ ಬ್ಲೇಡುಗಳಿಗೇ ಪೆಟ್ಟು. ಹೆಚ್ಚುವರಿ ಉತ್ಪಾದನೆಯನ್ನು ಬೇಗ ತಗ್ಗಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ತಗ್ಗಿಸುವ ಬಗೆಯಲ್ಲಿ ಜರ್ಮನಿ ಎಡವಿತು, ಆಮೇಲೆ ತಿದ್ದಿಕೊಂಡಿತು. ಚಾವಣಿಗಳ ಮೇಲೆ ಸೋಲಾರ್ ಹಾಸುತ್ತಿರುವ ನಾವು ಎರಡನ್ನೂ ಗಮನಿಸಬೇಕು.

ಜರ್ಮನಿಯ ಹಳೆಯ ನಿಯಮ ಸರಳವಾಗಿತ್ತು: ಫ್ರೀಕ್ವೆನ್ಸಿ 50.2 ಹರ್ಟ್ಸ್ ಮುಟ್ಟಿದರೆ ಮನೆಯ ಸೋಲಾರ್ ಇನ್ವರ್ಟರ್ ತಕ್ಷಣ ಟ್ರಿಪ್ ಆಗಬೇಕು, ಅಂದರೆ ಗ್ರಿಡ್‌ನಿಂದ ಕಳಚಿಕೊಳ್ಳಬೇಕು. ಫಲಕಗಳು ಅಲ್ಲೊಂದು ಇಲ್ಲೊಂದು ಇದ್ದಾಗ ಇದರಿಂದ ತೊಂದರೆಯಿರಲಿಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಚಾವಣಿಗಳ ಉತ್ಪಾದನೆ ಸಾವಿರಾರು ಮೆಗಾವಾಟ್‌ಗೆ ಬೆಳೆಯಿತು. ನಿಯಮ ಮಾತ್ರ ಇದ್ದಲ್ಲೇ ಉಳಿಯಿತು. ದಿಢೀರನೆ ಉತ್ಪಾದನೆ ಕೈಕೊಟ್ಟರೆ ತುಂಬಿಕೊಡಲು ಯುರೋಪಿನ ಗ್ರಿಡ್ ಕಾದಿರಿಸಿದ್ದು 3,000 ಮೆಗಾವಾಟ್. ಬಿಸಿಲಿನ ಮಧ್ಯಾಹ್ನ ಇನ್ವರ್ಟರುಗಳೆಲ್ಲ ಒಂದೇ ಕ್ಷಣಕ್ಕೆ ಕಳಚಿಕೊಂಡರೆ ನಷ್ಟ ಅದನ್ನೂ ಮೀರುತ್ತಿತ್ತು. ಹೆಚ್ಚಳ ನೀಗಿಸಲು ಹೊರಟ ನಿಯಮ ಕೊರತೆಯನ್ನೇ ತಂದು, ಊರೂರು ಕತ್ತಲಾಗುತ್ತಿತ್ತು.

ಇದು ಬರಿ ಕಲ್ಪನೆಯ ಭಯವಲ್ಲ. 2006ರ ನವೆಂಬರ್ 4ರ ರಾತ್ರಿ ಎಮ್ಸ್ ನದಿಯಲ್ಲಿ ಹಡಗೊಂದು ಸಾಗಲೆಂದು ಹೈಟೆನ್ಷನ್ ಮಾರ್ಗವನ್ನು ಬಂದ್ ಮಾಡಿದಾಗ ಯುರೋಪಿನ ಗ್ರಿಡ್ ಮೂರು ಹೋಳಾಯಿತು. ಈಶಾನ್ಯ ಭಾಗದಲ್ಲಿ ಫ್ರೀಕ್ವೆನ್ಸಿ ಕ್ಷಣಕಾಲ 51.4 ಹರ್ಟ್ಸ್‌ಗೆ ಏರಿತು. ಟ್ರಿಪ್ ಆಗಿದ್ದ ಗಾಳಿಯಂತ್ರಗಳು ಸ್ವಲ್ಪ ಹೊತ್ತಿಗೆ ತಾವಾಗಿಯೇ ಮರಳಿ ಸೇರಿಕೊಂಡು ಉತ್ಪಾದನೆಯ ಹೆಚ್ಚಳವನ್ನು ಇನ್ನಷ್ಟು ಬೆಳೆಸಿದವು. ಅವನ್ನು ತಡೆಯುವ ಹಿಡಿತ ನಿಯಂತ್ರಣ ಕೇಂದ್ರಗಳಿಗೆ ಇರಲಿಲ್ಲ.

ತೇರು ವೇಗ ಹಿಡಿದರೆ ಎಳೆಯುವವರು ಹಗ್ಗ ಸಡಿಲಿಸುತ್ತಾರೆ, ಎಲ್ಲರೂ ಒಮ್ಮೆಗೇ ಕೈಬಿಡುವುದಿಲ್ಲ. ಜರ್ಮನಿಯ ಹೊಸ ನಿಯಮದ ವಿವೇಕ ಇರುವುದು ಇಲ್ಲೇ. 50.2 ದಾಟಿದ ಮೇಲೆ ಪ್ರತಿ ಹರ್ಟ್ಸ್‌ಗೆ ಶೇ 40ರಂತೆ ಉತ್ಪಾದನೆ ಇಳಿಯಬೇಕು. ಪೂರ್ತಿ ಟ್ರಿಪ್ ಆಗುವುದು 51.5ಕ್ಕೆ. 10 ಕಿಲೋವಾಟ್ ಕೊಡುತ್ತಿದ್ದ ಇನ್ವರ್ಟರ್ 50.7ರಲ್ಲಿ 8 ಕಿಲೋವಾಟ್‌ಗೆ ಇಳಿಯುತ್ತದೆ. ಟ್ರಿಪ್ ಆದದ್ದು ಮರಳುವಾಗಲೂ ನಿಮಿಷಕ್ಕೆ ಶೇ 10ರಷ್ಟೇ ಏರಬೇಕು. 2006ರ ಪಾಠ ಇಲ್ಲಿ ಅಕ್ಷರಶಃ ಜಾರಿಯಾಗಿದೆ.

ತಿದ್ದುಪಡಿ ಒಳ್ಳೆಯದೇ, ಬಂದದ್ದು ತಡವಾಗಿ. 2012ರ ಆದೇಶದಂತೆ ಮೂರು ಲಕ್ಷಕ್ಕೂ ಹೆಚ್ಚು ಹಳೆಯ ಘಟಕಗಳ ಸೆಟ್ಟಿಂಗ್ ಬದಲಿಸಬೇಕಾಯಿತು. ಅದರ ಖರ್ಚು ಕೊನೆಗೆ ಬಿದ್ದದ್ದು ಗ್ರಾಹಕರ ಬಿಲ್ಲಿನ ಮೇಲೆ.

ನಮ್ಮಲ್ಲಿ? 2020ರ ಏಪ್ರಿಲ್ 5ರ ರಾತ್ರಿ ದೇಶದ ಜನ ಒಂಬತ್ತು ನಿಮಿಷ ದೀಪ ಆರಿಸಿದಾಗ ಬೇಡಿಕೆ ಸುಮಾರು 31,000 ಮೆಗಾವಾಟ್ ಕುಸಿಯಿತು. ಜಲವಿದ್ಯುತ್ ಘಟಕಗಳನ್ನು ಲೆಕ್ಕಾಚಾರದಿಂದ ಇಳಿಸಿದ ಇಂಜಿನಿಯರುಗಳು ಫ್ರೀಕ್ವೆನ್ಸಿ 50.26 ದಾಟದಂತೆ ನೋಡಿಕೊಂಡರು. ಅದು ನಿಜಕ್ಕೂ ಹೆಮ್ಮೆಯ ಕೆಲಸ. ಆದರೆ ಚಾವಣಿ ಸೋಲಾರ್‌ನಂಥ ಸಣ್ಣ ಘಟಕಗಳಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2013ರಲ್ಲಿ ಹಾಕಿಕೊಟ್ಟದ್ದು ಮತ್ತದೇ ಒಂದು ಗೆರೆ: 50.5 ಹರ್ಟ್ಸ್ ಮುಟ್ಟಿದರೆ 0.2 ಸೆಕೆಂಡಿನೊಳಗೆ ಟ್ರಿಪ್. ಅದೇ ವರ್ಷದ ಕೊನೆಯ ದಿನ ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದೊಂದಿಗೆ ಬೆಸೆದುಕೊಂಡಿತು. ಈಗ ಬಳ್ಳಾರಿಯ ಚಾವಣಿಗೂ ಭೋಪಾಲದ ಚಾವಣಿಗೂ ಕಾಣುವುದು ಒಂದೇ ಫ್ರೀಕ್ವೆನ್ಸಿ. 2024ರಲ್ಲಿ ಶುರುವಾದ ಸೂರ್ಯಘರ್ ಎಂಬ ಚಾವಣಿ ಸೋಲಾರ್ ಯೋಜನೆಯ ಗುರಿ ಒಂದು ಕೋಟಿ ಮನೆ.

ಇನ್ವರ್ಟರ್ ಗೋಡೆಗೇರುವ ಮೊದಲೇ ಸೆಟ್ಟಿಂಗ್ ಸರಿಪಡಿಸುವುದು ಸುಲಭ. ಕೋಟಿ ಮನೆಗಳಿಗೆ ಮತ್ತೆ ಹೋಗಿ ಬದಲಿಸುವುದು ದುಬಾರಿ. ಹಂತಹಂತವಾಗಿ ಇಳಿಯುವ ವ್ಯವಸ್ಥೆಯನ್ನು ಪ್ರತಿ ಚಾವಣಿ ಇನ್ವರ್ಟರಿಗೂ ಈಗಲೇ ಕಡ್ಡಾಯ ಮಾಡಬೇಕು.