ಮೊದಲು ಶಾಕ್, ಆಮೇಲೆ ಸ್ಪ್ರಿಂಗ್

ಕಾರನ್ನು ನೆಲಕ್ಕೆ ಹತ್ತಿರ ಇಳಿಸಬೇಕೆಂಬ ಆಸೆಯಿಂದ ಬರುವ ಹುಡುಗರಿಗೆ ನೆಲಮಂಗಲದಿಂದ ಹೊಸಕೋಟೆಯವರೆಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ‘ಈಗ ಲೋವರಿಂಗ್ ಸ್ಪ್ರಿಂಗ್ ಹಾಕಿಸು, ಶಾಕ್ ಹೋದಾಗ ನೋಡಿಕೊಂಡರಾಯಿತು.’ ಖರ್ಚು ಕಡಿಮೆ, ಕೆಲಸವೂ ಬೇಗ ಮುಗಿಯುತ್ತದೆ. ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಅಂದೇ ಕಿರಿದಾಗಿ ಕಾರು ಲಕ್ಷಣವಾಗಿ ಕಾಣುತ್ತದೆ. ಎಲ್ಲರೂ ಒಪ್ಪಿರುವ ಈ ಸಲಹೆ ತಪ್ಪು. ಕೈಯಲ್ಲಿ ಒಂದಕ್ಕೇ ದುಡ್ಡಿದ್ದರೆ ಅದು ಹೋಗಬೇಕಾದದ್ದು ಶಾಕ್‌ಗೆ, ಸ್ಪ್ರಿಂಗ್‌ಗೆ ಅಲ್ಲ.

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಅದುಮಿಸಿಕೊಂಡಾಗ ಅದು ಕೂಡಿಟ್ಟ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಶಾಕ್ ತನ್ನೊಳಗಿನ ಎಣ್ಣೆಯನ್ನು ಸಣ್ಣ ಕಿಂಡಿಗಳಲ್ಲಿ ನೂಕಿ ಆ ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ. ಹಂಪ್ ದಾಟಿದ ಕಾರು ಒಮ್ಮೆ ಎದ್ದು ಇಳಿದು ನೆಲೆಗೆ ಬರುತ್ತದೋ, ಮೂರು ಸಲ ತೂಗಾಡುತ್ತದೋ ಎಂಬುದು ಶಾಕ್ ಮೇಲೆ ನಿಂತಿದೆ. ಬ್ರೇಕ್ ಒತ್ತಿದ ಗಳಿಗೆಯಲ್ಲಿ ಟೈರು ರಸ್ತೆಯನ್ನು ಕಚ್ಚಿ ಹಿಡಿದಿರುವುದೂ ಅದರಿಂದಲೇ.

ಎದುರು ಪಕ್ಷದ ವಾದವನ್ನು ಅದರ ಬಲವಾದ ರೂಪದಲ್ಲೇ ಎತ್ತಿಕೊಳ್ಳೋಣ. ‘ಹೊಸ ಸ್ಪ್ರಿಂಗ್ ಶೇ. 30ರಷ್ಟು ಗಟ್ಟಿ ಇರಬಹುದು, ಅಷ್ಟನ್ನು ಕಂಪನಿ ಶಾಕ್ ತಡೆದುಕೊಳ್ಳುತ್ತದೆ’ ಎನ್ನುತ್ತಾರೆ. ಲೆಕ್ಕ ಹಾಕಿದರೆ ಇದರಲ್ಲಿ ಸತ್ಯಾಂಶವಿದೆ. ಬೇಕಾಗುವ ತಡೆ ಸ್ಪ್ರಿಂಗಿನ ಗಟ್ಟಿತನದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ, ಸ್ಪ್ರಿಂಗ್ ಶೇ. 30ರಷ್ಟು ಗಟ್ಟಿಯಾದರೆ ಶಾಕಿನ ತಡೆ ಸುಮಾರು ಶೇ. 14ರಷ್ಟು ಹೆಚ್ಚಿದರೆ ಸಾಕು. ಶಾಕ್ ಹೊಚ್ಚ ಹೊಸದಾಗಿದ್ದರೆ ಈ ಕೊರತೆ ಹಲವರಿಗೆ ಗೊತ್ತೇ ಆಗದು. ಆದರೆ ಎಂಬತ್ತು ಸಾವಿರ ಕಿಲೋಮೀಟರ್ ಓಡಿ ಎಣ್ಣೆ ಒಸರುತ್ತಿರುವ ಶಾಕ್ ಮೊದಲಿದ್ದ ತಡೆಯಲ್ಲೇ ಒಂದು ಪಾಲು ಕಳೆದುಕೊಂಡಿರುತ್ತದೆ. ಕಾರು ಇಳಿಸಲು ಬರುವುದು ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್ ಕೊಂಡವರೇ ಎಂಬುದನ್ನು ಮರೆಯಬಾರದು.

ಅದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಎಲ್ಲರೂ ಸ್ಪ್ರಿಂಗ್ ಎಷ್ಟು ಗಟ್ಟಿ ಎಂದು ಮಾತಾಡುತ್ತಾರೆ, ಚಕ್ರಕ್ಕೆ ಮೇಲೇಳಲು ಎಷ್ಟು ಜಾಗ ಉಳಿಯಿತು ಎಂದು ಕೇಳುವವರಿಲ್ಲ. ನಿಂತ ಕಾರಿನಲ್ಲಿ ಬಂಪ್ ಸ್ಟಾಪ್ ರಬ್ಬರ್ ತಗಲುವ ಮುಂಚೆ ಚಕ್ರಕ್ಕೆ 80 ಮಿ.ಮೀ. ಓಟವಿದೆ ಎಂದಿಟ್ಟುಕೊಳ್ಳಿ. ಕಾರನ್ನು 40 ಮಿ.ಮೀ. ಇಳಿಸಿದಿರಿ, ಶಾಕ್ ಹಳೆಯದೇ. ಉಳಿದದ್ದು ಅರ್ಧ. ಸ್ಪ್ರಿಂಗ್ ನುಂಗುವ ಶಕ್ತಿ ಅದು ಅದುಮಿದ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, ಅರ್ಧ ದೂರದಲ್ಲಿ ಅದೇ ಪೆಟ್ಟನ್ನು ನುಂಗಲು ನಾಲ್ಕು ಪಟ್ಟು ಗಟ್ಟಿಯಾದ ಸ್ಪ್ರಿಂಗ್ ಬೇಕು. ನೀವು ಹಾಕಿಸಿದ್ದು ಶೇ. 30 ಗಟ್ಟಿ. ಉಳಿದ ಪೆಟ್ಟೆಲ್ಲ ರಬ್ಬರಿಗೆ, ಅಲ್ಲಿಂದ ಶಾಕ್ ಟವರಿಗೆ, ಅಲ್ಲಿಂದ ಕೂತವರ ಬೆನ್ನಿಗೆ. ‘ಸ್ಪೋರ್ಟ್ಸ್ ಕಾರಿನ ಥರ ಗಡುಸಾಗಿದೆ’ ಎಂದು ಹೆಮ್ಮೆಪಡುವ ಅನುಭವ ಎಷ್ಟೋ ಸಲ ರಬ್ಬರಿನ ಮೇಲೆ ಓಡುತ್ತಿರುವ ಕಾರಿನದು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೇಳಿದ ಮಾದರಿ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟಲು ಆದದ್ದು. ದೊಡ್ಡಬಳ್ಳಾಪುರ, ದೇವನಹಳ್ಳಿ ತಾಲ್ಲೂಕುಗಳ ಒಳರಸ್ತೆಯಲ್ಲಿ ಓಡಾಡುವವರಿಗೆ ಅಂಥ ಹಂಪ್ ಅಪರೂಪ. ಶಾಲೆಯ ಮುಂದೆ, ಡೇರಿಯ ಮುಂದೆ, ಊರ ಬಾಗಿಲಲ್ಲಿ ಹಾಕಿರುವುದು ಇನ್ನೂ ಕಡಿದು, ಇನ್ನೂ ಕಿರಿದು, ಒಂದರ ಹಿಂದೆ ಒಂದು. ದಾಬಸ್‌ಪೇಟೆಯಿಂದ ಹೊಸಕೋಟೆಗೆ ಹೋಗುವ ಸ್ಯಾಟಲೈಟ್ ರಿಂಗ್ ರೋಡ್ ನುಣುಪಾಗಿದೆ, ನಿಜ. ಅದರಿಂದ ಇಳಿದು ಮನೆ ಮುಟ್ಟುವ ಕೊನೆಯ ಮೈಲಿ ನುಣುಪಾಗಿಲ್ಲ. ಇದರ ಮೇಲೆ ಮನೆಮಂದಿ ಐದು ಜನ ಕೂತು ಘಾಟಿ ಸುಬ್ರಹ್ಮಣ್ಯಕ್ಕೆ ಹೊರಟರೆ ಹಿಂದಿನ ಚಕ್ರಗಳ ಪಾಲಿನ ಆ 40 ಮಿ.ಮೀ.ಯಲ್ಲೂ ಬಹುಪಾಲು ಭಾರಕ್ಕೇ ಹೋಗಿಬಿಡುತ್ತದೆ.

ರೇಸ್ ಕಾರು ತಗ್ಗಾಗಿರುತ್ತದಲ್ಲ ಎನ್ನುತ್ತಾರೆ. ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಟ್ರ್ಯಾಕುಗಳಲ್ಲಿ ಹಂಪ್ ಇಲ್ಲ. ನಮ್ಮ ರಸ್ತೆಗೆ ಹೆಚ್ಚು ಹತ್ತಿರವಾದದ್ದು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯ ರ್‍ಯಾಲಿ. ಅಂಥ ದಾರಿಗೆಂದು ಕಾರು ಕಟ್ಟುವವರು ಅದನ್ನು ಇಳಿಸುವುದಿಲ್ಲ, ಎತ್ತುತ್ತಾರೆ. ಹೆಚ್ಚಿನ ದುಡ್ಡು ಸುರಿಯುವುದು ಶಾಕ್‌ಗೆ.

ಇರುವ ಸ್ಪ್ರಿಂಗನ್ನೇ ಕತ್ತರಿಸುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದು ಕತ್ತರಿಸಿದರೆ ಗಟ್ಟಿತನ ಶೇ. 20 ಏರುತ್ತದೆ, ತುದಿ ಮಾತ್ರ ಬಟ್ಟಲಲ್ಲಿ ಸರಿಯಾಗಿ ಕೂರುವುದಿಲ್ಲ. ಅದು ಅಪಾಯ.

ಹಾಗಾದರೆ ಕಾರು ಇಳಿಸಲೇಬಾರದೇ? ಇಳಿಸಬಹುದು, ಜೋಡಿ ಸರಿಯಿದ್ದರೆ. ಶಾಕ್ ತಯಾರಕರೇ ಇದನ್ನು ಒಪ್ಪಿದ್ದಾರೆ: ಬಿಲ್‌ಸ್ಟೈನ್ ಕಂಪನಿ ಮೂಲ ಎತ್ತರದ ಕಾರಿಗೆ ಬಿ6, ಇಳಿಸಿದ ಕಾರಿಗೆ ಗಿಡ್ಡನೆಯ ಬಿ8 ಎಂದು ಎರಡನ್ನು ಬೇರೆಬೇರೆಯಾಗಿ ಮಾರುತ್ತದೆ. ಸ್ಪ್ರಿಂಗ್ ಒಂದೇ ಸಾಕಾಗಿದ್ದರೆ ಬಿ8 ಹುಟ್ಟುತ್ತಲೇ ಇರಲಿಲ್ಲ. ಗಿಡ್ಡ ಶಾಕಿನಿಂದ ಕಳೆದ ಓಟದ ಒಂದು ಪಾಲು ಮರಳುತ್ತದೆ. ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಬಟ್ಟಲಿನಿಂದ ಜಾರುವುದೂ ತಪ್ಪುತ್ತದೆ. ಆದರೆ ಗಡುಸಾದಷ್ಟೂ ಒಳ್ಳೆಯದು ಎಂದು ಶಾಕನ್ನು ಪೂರ್ತಿ ಬಿಗಿ ಮಾಡಿಸುವುದೂ ತಪ್ಪೇ. ಚಾಚಿಕೊಳ್ಳುವಾಗಿನ ತಡೆ ಮಿತಿಮೀರಿದರೆ ಒಂದು ಹಂಪ್ ದಾಟಿದ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನದು ಬಂದು, ಕಾರು ಹಂಪಿನಿಂದ ಹಂಪಿಗೆ ಕುಸಿಯುತ್ತ ಹೋಗುತ್ತದೆ.

ಕಾನೂನನ್ನೂ ಗಮನಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳುವುದು ಒಳಿತು.

ಕಾರು ಹಳೆಯದಾಗಿದ್ದರೆ ಸ್ಪ್ರಿಂಗ್ ಮುಟ್ಟದೆ ನಾಲ್ಕೂ ಶಾಕ್, ಅವುಗಳ ಮೇಲಿನ ಮೌಂಟ್ ರಬ್ಬರು ಹೊಸದು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ ಒಂದು ತಿಂಗಳು ಓಡಿಸಿ. ಆಮೇಲೂ ಇಳಿಸಬೇಕೆನಿಸಿದರೆ, ಮಾರುವವನನ್ನು ಒಂದೇ ಪ್ರಶ್ನೆ ಕೇಳಿ: ಐದು ಜನ ಕೂತಾಗ ಬಂಪ್ ಸ್ಟಾಪಿಗೆ ಎಷ್ಟು ಮಿ.ಮೀ. ಉಳಿಯುತ್ತದೆ? ಉತ್ತರ ಗೊತ್ತಿಲ್ಲದವನ ಹತ್ತಿರ ಸ್ಪ್ರಿಂಗ್ ಕೊಳ್ಳಬೇಡಿ.